ಕಿವಿ

ನಿನ್ನೆ ಸಂಜೆ ಅಂಚೆಯ ಕುದುರೆ ಬಂತು, ಬಾಯ್ತುಂಬ ನೊರೆ.
ಚಕ್ರವರ್ತಿಗೆ ಮಗ ಹುಟ್ಟಿದ್ದಾನೆ,
ವಯಸ್ಸು ನಲವತ್ತೊಂದು.
ಡ್ಯಾನ್ಯೂಬಿನ ದಂಡೆಯ ದಂಡಿನಲ್ಲಿ
ಲಾಳ ಮೊಳೆಗಳ ಲೆಕ್ಕ ಬರೆಯುತ್ತಿದ್ದವನಂತೆ.
ಈಗ ಅವನಿಗೆ ಐದು ಹೆಸರು,
ಐದರಲ್ಲಿ ನಾಲ್ಕು ಸತ್ತವರವು.

ಒಂದು ನಾಣ್ಯದ ಅಂಚು ಎಷ್ಟು ಹೆಸರು ತಡೆದೀತು?
ಸಿಸ್ಕಿಯಾದ ಟಂಕಸಾಲೆಯಲ್ಲಿ ನಾನು, ವಿಂದೆಮಿಯಾಲಿಸ್,
ಅಚ್ಚು ಕೊರೆಯುವವನು,
ಅಕ್ಷರಗಳನ್ನು ತಿರುಗುಮುರುಗಾಗಿ ಬರೆದೂ ಬರೆದೂ
ನೇರ ಓದುವುದನ್ನೇ ಮರೆತವನು,
ಉಳಿಯ ಮೊನೆಯಲ್ಲಿ ಅಳೆದು ನೋಡುತ್ತೇನೆ:
ಮೂರನೆಯ ಹೆಸರಿಗೇ ಕಿರೀಟ ಅಡ್ಡ ಬರುತ್ತದೆ.

ಜೊತೆಗೊಂದು ಹಲಗೆ, ಮೇಣದ ಬಣ್ಣದ ಚಿತ್ರ,
ದಾರಿಯ ಬಿಸಿಲಿಗೆ ಗಲ್ಲ ಕರಗಿದೆ.
ಅಪ್ಪಣೆ ಮಾತ್ರ ಗಟ್ಟಿ:
ಮೂಗು ತಂದೆಯದಿರಲಿ.
ಗಡ್ಡ ಬೇಡ, ಎಳೆಯನಂತೆ ಕಾಣಲಿ.
ಕಣ್ಣು ದೊಡ್ಡದಿರಲಿ, ಮೇಲೆ ನೋಡಲಿ.
ಕಿವಿಯ ಬಗ್ಗೆ ಏನೂ ಬರೆದಿಲ್ಲ.

ನನ್ನ ಮನೆಯಲ್ಲೂ ಒಬ್ಬ ಮಗ.
ಸಾವಾ ನದಿಯ ಚರ್ಮ ಹದಮಾಡುವವರ ತಿಪ್ಪೆಯಲ್ಲಿ
ಬೂದಿಗೂ ಕೂದಲಿಗೂ ನಡುವೆ ಅಳುತ್ತಿದ್ದ.
ಸುರಿಲ್ಲಾ ಶಾಲಿನಲ್ಲಿ ಸುತ್ತಿ ತಂದಳು.
ಸ್ತೆರ್ಕೋರಿಯಸ್ ಎಂದು ಕರೆದೆವು, ತಿಪ್ಪೆಯವನು.
ಇಲ್ಲಿ ಅಂಥವರಿಗೆಲ್ಲ ಅದೇ ಹೆಸರು,
ಯಾರ ಕಣ್ಣೂ ತಾಗುವುದಿಲ್ಲ.
ಇವನನ್ನು ದತ್ತು ತಕ್ಕೊಂಡ ಸುದ್ದಿಗೆ ಕುದುರೆ ಓಡಲಿಲ್ಲ,
ಒಂದು ಬಟ್ಟಲು ಮೇಕೆಹಾಲು ಖರ್ಚಾಯಿತು, ಅಷ್ಟೇ.

ರಾತ್ರಿ ದೀಪದ ಪಕ್ಕ ಮಲಗಿದ್ದ, ಮಗ್ಗುಲಾಗಿ.
ಬಲಗಿವಿಯ ಹಾಲೆ ಕೊಂಚ ಸೀಳು,
ಇಲಿಯೋ ನಾಯಿಯೋ, ತಿಪ್ಪೆಯ ಕಾಲದ್ದು.
ಉಳಿ ತಾನಾಗಿ ಹೋಯಿತು ಎನ್ನಲಾರೆ.
ನಾನೇ ಕೊರೆದೆ.

ಹಿಮ ಕರಗುವ ಮುನ್ನ ಐದು ಹೆಸರಿನವ ಹೋದ,
ಗುಡಾರದಲ್ಲಿ, ಅವನದೇ ಕಾವಲಿನವರ ಕೈಯಲ್ಲಿ.
ಮೈಲಿಗಲ್ಲುಗಳ ಮೇಲೆ ಅವನನ್ನು ಕೆತ್ತಿದವರೇ
ಕೆರೆದು ತೆಗೆದರು, ಕೂಲಿ ಅಷ್ಟಕ್ಕಷ್ಟೇ.
ಕೊಂದವನು
ಸತ್ತವನ ತಂದೆಗೇ ಮಗನಾದ.
ನನಗೆ ಮತ್ತೆ ಹಲಗೆ, ಮತ್ತೆ ಅದೇ ಮೂಗು.
ಈ ಸಲ ಗಡ್ಡ ಬೇಕಂತೆ.
ಹೊಸ ಉಕ್ಕು ಸಿಗದ ವರ್ಷ;
ಹಳೆಯ ಅಚ್ಚಿಗೇ ಗಡ್ಡ ಕೊರೆದೆ,
ಹೆಸರಿನ ಮೇಲೆ ಹೆಸರು, ಇನ್ನೂ ಆಳಕ್ಕೆ.
ಕಿವಿ ಮುಟ್ಟಲಿಲ್ಲ.

ಇವತ್ತು ಈರುಳ್ಳಿ ಮಾರುವ ಮುದುಕಿ ನಾಣ್ಯವನ್ನು
ಬೆಳಕಿಗೆ ತಿರುಗಿಸಿದಳು, ಹಲ್ಲಿನಲ್ಲಿ ಕಚ್ಚಿದಳು,
ಆಮೇಲೆ ಹುಡುಗನನ್ನು ನೋಡಿದಳು, ಬಹಳ ಹೊತ್ತು.
“ಎಲಾ ಎಲಾ, ನಿನಗೆ ದೊರೆಯ ಕಿವಿ ಬಂದಿದೆಯಲ್ಲೋ!”

ಅವನು ನಾಚಿ ಕಿವಿ ಮುಚ್ಚಿಕೊಂಡ.
ನಾನು ಚೌಕಾಸಿಗೆ ನಿಲ್ಲದೆ
ಕೊಟ್ಟಷ್ಟು ಈರುಳ್ಳಿ ತಕ್ಕೊಂಡು
ಅವನ ಕೈ ಹಿಡಿದು ಬೇಗ ಬೇಗ ನಡೆದೆ.