ಬಾವಿಯಲ್ಲಿ ನೀರಿದೆಯಾ

ಹೇಮಾವತಿ ಹಿನ್ನೀರಿನ ನಡುವೆ ತೆಪ್ಪ ನಿಲ್ಲಿಸಿ
ಪಾಸ್ಕಲಣ್ಣ ಹುಟ್ಟಿನ ತುದಿಯಿಂದ ತೋರಿಸಿದ:
ಇದು ಗಿಡ್ಡಮ್ಮನ ರಾಗಿಹೊಲ,
ಅಗೋ ಅಲ್ಲಿ ನಮ್ಮ ಕೋಣ ತಪ್ಪಿಸಿಕೊಂಡಿದ್ದು.
ನನಗೆ ಕಂಡದ್ದು ನೀರು, ಮತ್ತೆ ನೀರು,
ಒಂದು ನೀರುಕಾಗೆ.

ಹೂಳು ಅಳೆಯಲು ಬಂದವಳು ನಾನು.
ಬೆನ್ನಿಗೆ ಸಿಲಿಂಡರು, ಸೊಂಟಕ್ಕೆ ಆರು ಕೆಜಿ ಸೀಸ,
ಮೈತುಂಬ ಕೊಳವೆ, ಕೊಕ್ಕೆ.
‘ಪಾತಾಳಗರಡಿ ಕಂಡಂಗೆ ಕಾಣ್ತೀಯ ಕಣವ್ವಾ,’ ಅಂದ.
‘ನಮ್ಮನೇಲಿತ್ತು. ಯಾರ ಕೊಡ ಬಿದ್ದರೂ
ಎರವಲು ಒಯ್ಯೋರು.’
ಹಗ್ಗದ ತುದಿ ಅವನ ಕೈಗೆ ಕೊಟ್ಟೆ:
ಎರಡು ಸಲ ಜಗ್ಗಿದರೆ ಸರಿ,
ನಾಲ್ಕು ಸಲ ಜಗ್ಗಿದರೆ ಎಳೆ.

ಮೂರು ಮೀಟರಿಗೆ ಬೆಳಕು ಹಸಿರು,
ಐದಕ್ಕೆ ಚಹಾ,
ಎಂಟಕ್ಕೆ ಕಾಫಿ ಚರಟ.
ಟಾರ್ಚು ಹಚ್ಚಿದರೆ
ಕಣದಲ್ಲಿ ತೂರುವಾಗ ಏಳುವ ಹೊಟ್ಟಿನ ಹಾಗೆ
ಮಣ್ಣು ಹಾರುತ್ತದೆ, ಕೆಳಗೆ ಬೀಳಲು ಮರೆಯುತ್ತದೆ.

ತಳ ಎಂದರೆ ಬಟ್ಟಲು ಅಂದುಕೊಂಡಿದ್ದೆ.
ಇಲ್ಲಿ ಮೆಟ್ಟಿಲು.
ಬದುವಿನ ಕೆಳಗೆ ಗದ್ದೆ, ಗದ್ದೆಯ ಕೆಳಗೆ ಬದು,
ಮಡೆ ಇದ್ದಲ್ಲೇ ಇದೆ, ತಿರುಗಿಸುವವರಿಲ್ಲ.
ಹದ್ದಿನ ಹಾಗೆ ಮೇಲಿಂದ ಮೇಲೇ ಹೋದೆ.
ಒಂದು ಬಾಳೆಮೀನು
ಗಾಡಿಜಾಡು ಹಿಡಿದೇ ಹೋಯಿತು,
ಇಷ್ಟು ನೀರಿನಲ್ಲಿ ಬೇರೆ ದಾರಿಯೇ ಇಲ್ಲವೆಂಬಂತೆ.

ಆಮೇಲೆ ನೆಲ ತಪ್ಪಿತು.
ಸುತ್ತ ಕಲ್ಲಿನ ಕಟ್ಟೆ,
ಅಂಚಿನಲ್ಲಿ ಸೇದಿ ಸೇದಿ ಸವೆದ ಗೀರು.
ಕಾಣಲಿಲ್ಲ, ಬೆರಳಿಟ್ಟು ಎಣಿಸಿದೆ: ಏಳು.
ನೀರಿನೊಳಗೆ ಬಾವಿ,
ಬಾಯಿ ತೆರೆದುಕೊಂಡು, ಇನ್ನೂ ಬಾಯಾರಿದ ಹಾಗೆ.

ಗೇಜಿನ ಮುಳ್ಳು ತೊಂಬತ್ತರಲ್ಲಿತ್ತು.
ಇಳಿಯಬಾರದು. ಇಳಿದೆ,
ತಲೆಕೆಳಗಾಗಿ, ಊರಿನ ಕೊಡಗಳೆಲ್ಲ ಇಳಿದ ದಾರಿ.
ಒಂದು ಮಾರು. ಕಾಲು.
ಕೆನ್ನೆಗೆ ಥಟ್ಟನೆ ಬೇರೆ ನೀರು ತಾಗಿತು, ತಣ್ಣಗೆ,
ಮೇಲಿನ ಕೆರೆಯೊಂದಿಗೆ ಇನ್ನೂ ಮಾತು ಬಿಟ್ಟ ನೀರು.
ತಣ್ಣನೆಯದು ಕೆಳಗೆ ಕೂರುತ್ತದೆ, ಅಷ್ಟೇ,
ಎಂದು ನನಗೆ ನಾನೇ ಹೇಳಿಕೊಂಡೆ.
ಹಗ್ಗ ಮೇಲೆ ಒಂದು ಗೀರಿನಲ್ಲಿ ಕೂತಿತ್ತು;
ನಾಲ್ಕು ಸಲ ಜಗ್ಗಿದೆ.

ಅವನು ಎಳೆದದ್ದು ನೋಡಬೇಕು,
ಮುಂಗೈ ಮೇಲೆ ಮುಂಗೈ, ಒಂದು ಹನಿ ತುಳುಕದ ಹಾಗೆ.

‘ಬಾವಿ ಸಿಕ್ತಾ?’
ಸಿಕ್ತು.
‘ನೀರಿದೆಯಾ?’
ನಗಲಿಲ್ಲ ನಾನು. ಇದೆ ಅಂದೆ. ತಣ್ಣಗಿದೆ.
‘ಸಿಹಿಯಾ?’
ಬಾಯಲ್ಲಿ ರಬ್ಬರು ಕಚ್ಚಿ ಹೋದವಳು ಏನು ಹೇಳಲಿ?

ಒದ್ದೆ ಕೈಯಲ್ಲೇ ಹಾಳೆ ತುಂಬಿದೆ:
ಆಳ ಹನ್ನೊಂದು, ಹೂಳು ಒಂದೂವರೆ.
ಬಾವಿಗೆ ಕಾಲಮ್ಮು ಇರಲಿಲ್ಲ.

ಪಾಸ್ಕಲಣ್ಣ ಅಂಚಿಗೆ ಬಾಗಿ ಒಂದು ಬೊಗಸೆ ಎತ್ತಿದ.
ಕುಡಿಯಲಿಲ್ಲ.
ನೋಡಿ,
ಎತ್ತಿದ ಜಾಗಕ್ಕೇ ಬಿಟ್ಟ.