ಚಾರ್ಜು ಪಟ್ಟಿ

ಕೂತುಕೋ ಸ್ಟೈನುನ್. ಆ ಕುರ್ಚಿ ಕುಂಟುತ್ತದೆ,
ಅದೂ ಪಟ್ಟಿಯಲ್ಲಿದೆ: ಕುರ್ಚಿ ಎರಡು, ಸ್ಥಿತಿ ಸಾಧಾರಣ.
ಹೊರಗೆ ಫ್ಯೋರ್ಡಿನ ಗಾಳಿ
ತನ್ನದೇ ಕಚೇರಿ ಎಂಬಂತೆ ಬಾಗಿಲು ತಳ್ಳುತ್ತಿದೆ.
ತಳ್ಳಲಿ. ಅದು ನನಗಿಂತ ಸೀನಿಯರ್.

ಇದು ಮೊಹರು. ಹಿತ್ತಾಳೆಯದು. ಬಲಕ್ಕೆ ಕೊಂಚ ಒತ್ತು,
ಇಲ್ಲದಿದ್ದರೆ ಟಗರಿಗೆ ಒಂದೇ ಕೊಂಬು ಮೂಡುತ್ತದೆ.
ಇದು ಟೋಪಿ. ನನಗಿಂತ ಹಿಂದಿನ ಥೋರ್ಲೇವುರನ ತಲೆಗೆ ಹೊಲಿದದ್ದು;
ಮೂವತ್ತೊಂದು ವರ್ಷ ನನ್ನ ಕಿವಿಗಳ ಮೇಲೆ ಕೂತಿತ್ತು,
ನಿನಗೆ ಕಣ್ಣಿನವರೆಗೂ ಇಳಿದೀತು.
ಸರಕಾರ ನಮಗೆ ಹಾಕಿದ ಟೋಪಿ ಇದೊಂದೇ ಅಲ್ಲ, ಬಿಡು.

ಪೆಟ್ಟಿಗೆಗೆ ಕೀಲಿ ಎರಡು ಎಂದು ಬರೆದಿದೆ.
ಇರುವುದು ಒಂದು.
ಇನ್ನೊಂದು ಯಾವುದೋ ಮೀನಿನ ಹೊಟ್ಟೆಯಲ್ಲಿದೆ
ಎಂದ ಥೋರ್ಲೇವುರ್. ನಂಬಿ ರುಜು ಹಾಕಿದೆ.
ಈಗ ನಂಬುವ ಸರದಿ ನಿನ್ನದು.

ಇದನ್ನು ಮಾತ್ರ ಎರಡೂ ಕೈಯಲ್ಲಿ ತೆಗೆದುಕೋ:
ಕಿವಿಗುರುತಿನ ದಫ್ತರು.
ಕಣಿವೆಯ ಇಪ್ಪತ್ಮೂರು ಹಟ್ಟಿಗಳಲ್ಲಿ
ಯಾರ ಕುರಿಗೆ ಯಾವ ಕಿವಿಯಲ್ಲಿ ಎಂಥ ಕಚ್ಚು:
ಬಲಕ್ಕೆ ತುದಿಸೀಳು, ಎಡಕ್ಕೆ ಹಿಂದಿನಿಂದ ಅರ್ಧಚಂದ್ರ...
ಸೆಪ್ಟೆಂಬರಿನಲ್ಲಿ ಬೆಟ್ಟದಿಂದ ಮಂದೆ ಇಳಿದು
ಕಲ್ಲಿನ ದೊಡ್ಡಿಗೆ ಹೋ ಎಂದು ನುಗ್ಗಿದಾಗ
ಅಣ್ಣತಮ್ಮಂದಿರ ಜಗಳ ಬಿಡಿಸುವುದು
ನೀನಲ್ಲ, ಈ ಪುಟ.
ಎಂಟು ವರ್ಷಕ್ಕೊಮ್ಮೆ ಶುಲ್ಕ. ಕಟ್ಟದವರ ಗುರುತು ರದ್ದು.
ನಿಯಮ ಅಷ್ಟೇ.

ನಿಂತೆಯಲ್ಲ. ಅಲ್ಲಿ ನಿಲ್ಲುತ್ತೀಯೆಂದು ಗೊತ್ತಿತ್ತು.
ಹ್ವಮ್ಮುರ್ ಹಟ್ಟಿ. ಹೆಸರು ಕೌರಿ.
ಎರಡೂ ಕಿವಿಗೆ ಒಂದೊಂದು ತೂತು.
ಕುರಿಗಳ ಸಂಖ್ಯೆ: ಇಲ್ಲ.

ಒಂಬತ್ತು ವರ್ಷ ಅವನಿಗೆ. ಅವನದೆಂದು ಕೊಟ್ಟದ್ದು ಒಂದೇ ಮರಿ.
ಅದು ಓಡಿತು, ಇವನೂ ಹಿಂದೆಯೇ ಓಡಿದ.
ಏಪ್ರಿಲಿನ ಕೆರೆ, ಮೇಲೆ ಗಟ್ಟಿ, ಕೆಳಗೆ ಸುಳ್ಳು.

ತಾಯಿ ರಗ್ನ್‌ಹೇದುರ್ ಪ್ರತಿ ಸಲವೂ ಬಂದಳು.
ಕೈಗವಸು ಬಿಚ್ಚಿ, ದುಡ್ಡು ಎಣಿಸಿ,
"ಬರೆದುಕೋ" ಅನ್ನುವಳು.
ಬರೆದುಕೊಳ್ಳುವೆ.
ಅವಳೂ ಹೋಗಿ ಹದಿನೇಳು ವರ್ಷ.
ಆಮೇಲಿನ ಎರಡು ರಸೀತಿಗಳಲ್ಲಿ
ಕಟ್ಟಿದವರ ರುಜು ಯಾರದೆಂದು ನೋಡಬೇಡ.
ರೇಕ್ಯಾವಿಕ್ಕಿನ ಆಡಿಟ್‌ನವರು ಕೂಡಿದರೆ ಲೆಕ್ಕ ಸರಿ ಬರುತ್ತದೆ.
ಬಂದದ್ದು ಯಾಕೆ ಬಂತೆಂದು ಅವರು ಯಾವತ್ತೂ ಕೇಳಿಲ್ಲ.

ಇನ್ನು ನಿನ್ನಿಷ್ಟ.
ಅಡ್ಡಗೀಟು ಎಳೆದರೆ ಬೇರೆ ಯಾರಾದರೂ ಬೇಡಿ ಪಡೆದಾರು.
ಒಳ್ಳೆಯ ಗುರುತು. ರಕ್ತ ಕಡಿಮೆ.
ಇಲ್ಲಿ ರುಜು. ಇಲ್ಲಿ ತಾರೀಖು. ಎರಡು ಪ್ರತಿ.

ನೀನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ,
ಮತ್ತೆ ತೆಗೆದು,
ಟೋಪಿಯನ್ನು ಕಣ್ಣಿನಿಂದ ಮೇಲೆತ್ತಿ ಕೇಳಿದೆ:
"ಮುಂದಿನ ಶುಲ್ಕ ಯಾವ ವರ್ಷ?"