ನೇರ ಎರಡನೇ ವರ್ಷ

‘ಡಿಪ್ಲೊಮಾ ಇದೆಯಲ್ಲಾ, ನೇರ ಎರಡನೇ ವರ್ಷಕ್ಕೆ ಸೇರಿಸ್ತೀವಿ’
ಅಂದ ಕೋಲಾರದ ಅಧ್ಯಯನ ಕೇಂದ್ರದ ಗುಮಾಸ್ತ,
ನನ್ನ ಅಂಕಪಟ್ಟಿಯನ್ನು ಬೆಳಕಿಗೆ ಹಿಡಿದು
ಖೋಟಾ ನೋಟು ನೋಡುವ ಹಾಗೆ.
ನಗು ಬಂತು. ಆ ನೋಟ ನನ್ನದು.
ಹದಿನಾಲ್ಕು ವರ್ಷದಿಂದ ಹಾಗೇ ನೋಡುತ್ತಿದ್ದೇನೆ ಜನರನ್ನು.

ಮೊದಲ ವರ್ಷ ಮನ್ನಾ.
ಯಾವ ವರ್ಷ, ಅಂತ ವಾಪಸು ಬಸ್ಸಿನಲ್ಲಿ ಲೆಕ್ಕ ಹಾಕಿದೆ:
ಪೆರೇಡಿನಲ್ಲಿ ಹಿಮ್ಮಡಿ ಒಡೆದ ವರ್ಷವೋ,
ಆಸ್ಪತ್ರೆಯ ಕಾರಿಡಾರಿನಲ್ಲಿ
ಹೆಸರು ಹೇಳದ ಹುಡುಗಿಯ ಪಕ್ಕ ಮೂರು ರಾತ್ರಿ ಕೂತು
ನಾಲ್ಕನೇ ಬೆಳಗ್ಗೆ ಅವಳು
‘ಅಕ್ಕಾ, ನೀರು’ ಅಂದ ವರ್ಷವೋ.
ಅದಕ್ಕೆ ಯಾವ ಪತ್ರಿಕೆಯಲ್ಲೂ ಅಂಕವಿಲ್ಲ.

ನನ್ನ ಓದೆಲ್ಲ ಮಾಲ್‌ಖಾನೆಯಲ್ಲಿ.
ಶ್ರೀನಿವಾಸಪುರ ಠಾಣೆಯ ಹಿಂದಿನ ಕೋಣೆ,
ಒಂದೇ ಕಿಟಕಿ, ಒಂದೇ ಟ್ಯೂಬ್‌ಲೈಟು;
ಅದೂ ಸಾಕ್ಷಿ ಹೇಳಲು ಹೆದರಿದವನಂತೆ
ತೊದಲಿ ತೊದಲಿ ಹತ್ತುತ್ತದೆ.
ಸುತ್ತ ಅರಗಿನ ಮುದ್ರೆ ಹೊತ್ತ ಮಾಲುಗಳು:
ಹಿಡಿ ಮುರಿದ ಮಚ್ಚು, ಒಂಟಿ ಕಿವಿಯೋಲೆ,
ಚಕ್ರವಿಲ್ಲದ ಸೈಕಲ್ಲು,
ಮಗುವಿನ ಎಡಗಾಲಿನ ಚಪ್ಪಲಿ.
ಮಾವಿನ ಲೋಡು ಕದ್ದ ಕೇಸಿಗೆ ಮಾತ್ರ ಮಾಲಿಲ್ಲ, ಬರೀ ಫೋಟೊ.
ಹಣ್ಣು ಹರಾಜಾಗಿ ಐದು ವರ್ಷ.
ಆದರೂ ಮೇ ತಿಂಗಳಲ್ಲಿ ಆ ಕಡತ ಬಿಚ್ಚಿದರೆ
ರಸಪುರಿ ವಾಸನೆ. ಆಣೆ ಮಾಡಿ ಹೇಳಬಲ್ಲೆ,
ನ್ಯಾಯಾಲಯ ಒಪ್ಪುವುದಿಲ್ಲ.

‘ತೋಳಿಗೆ ಪಟ್ಟಿ ಬರಲ್ಲ, ಸಂಬಳ ಏರಲ್ಲ,
ಯಾಕಮ್ಮ ಸುಬ್ಬರತ್ನಾ ಈ ಉಸಾಬರಿ?’
ಸಾಹೇಬರು ಕೇಳಿದರು.
ಗೊತ್ತಿಲ್ಲ ಸಾರ್, ಅಂದೆ.
ಆ ಠಾಣೆಯಲ್ಲಿ ನಾನು ಕೊಟ್ಟ ಅಪ್ಪಟ ನಿಜದ ಹೇಳಿಕೆ ಅದೊಂದೇ,
ಯಾರೂ ಬರೆದುಕೊಳ್ಳಲಿಲ್ಲ.

ಪುಸ್ತಕ ಹೇಳಿತು: ಅಪರಾಧಕ್ಕೆ ಕಾರಣಗಳು ಐದು.
ಐದನ್ನೂ ಬೆರಳಲ್ಲಿ ಮಡಚಿಕೊಂಡು
ಗಂಗುಲಪ್ಪನ ಗಾಡಿಯ ಹತ್ತಿರ ಹೋದೆ.
ಹಿಂದೊಮ್ಮೆ ಪಂಪ್‌ಸೆಟ್ಟಿನ ತಂತಿ ಕದ್ದು ನನ್ನ ಕೈಗೇ ಸಿಕ್ಕವನು,
ಎಂಟು ತಿಂಗಳು ಒಳಗಿದ್ದು ಬಂದು ಈಗ ಬೋಂಡ ಕರೆಯುತ್ತಾನೆ.
ಯಾಕೆ ಕದ್ದೆಯೋ, ಅಂದೆ,
ಈ ಸಲ ಲಾಠಿ ಇಲ್ಲದೆ.
ಜಾಲರಿ ಒದರುತ್ತ ಬಹಳ ಹೊತ್ತು ಯೋಚಿಸಿದ.
‘ತಂತಿ ಅಲ್ಲಿತ್ತು ಮೇಡಂ.
ನಾನೂ ಅಲ್ಲಿದ್ದೆ.’
ಆಮೇಲೆ, ‘ಬಿಸಿ ಇದೆ, ತಿನ್ನಿ.’
ಕಾಸು ಬೇಡವೆಂದ. ಬಲವಂತವಾಗಿ ಇಟ್ಟೆ.
ಲಂಚದ ಅಧ್ಯಾಯ ಮುಂದಿನ ವಾರ ಓದಬೇಕಿತ್ತು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ, ಹದಿನೈದು ಅಂಕಕ್ಕೆ.
ಐದೂ ಕಾರಣ ಬರೆದೆ, ಅಡಿಗೆರೆ ಎಳೆದೆ,
ಗಂಗುಲಪ್ಪನನ್ನು ಬರೆಯಲಿಲ್ಲ.
ನೂರಕ್ಕೆ ಎಪ್ಪತ್ತೊಂದು ಬಂತು.
ಕಳೆದ ಇಪ್ಪತ್ತೊಂಬತ್ತರಲ್ಲಿ ಕೆಲವು
ಯಾವ ಬಾಣಲೆಯಲ್ಲಿ ಬೇಯುತ್ತಿವೆ
ನನಗೆ ಗೊತ್ತು.

ಘಟಿಕೋತ್ಸವದ ದಿನ ನನಗೆ ಬಂದೋಬಸ್ತು.
ಯಾರದೋ ಮೆರವಣಿಗೆಗೆ ಹಗ್ಗ ಹಿಡಿದು ನಿಂತಿದ್ದೆ.
ಪದವಿ ರಿಜಿಸ್ಟರ್ಡ್ ಅಂಚೆಯಲ್ಲಿ ಠಾಣೆಗೇ ಬಂತು.
ಸಹಿ ಮಾಡಿಸಿಕೊಂಡ ಪೋಸ್ಟ್‌ಮ್ಯಾನ್ ಮೆಲ್ಲಗೆ,
‘ಏನಮ್ಮಾ, ಸಮನ್ಸಾ?’
ಅಭ್ಯಾಸಬಲ: ಲಕೋಟೆಯ ಮೇಲೆ ದಿನಾಂಕ, ವೇಳೆ ಬರೆದುಬಿಟ್ಟೆ.
ಪಂಚರ ಸಹಿಯೊಂದು ಬಾಕಿ.

ಅಮ್ಮ ಕೈ ತೊಳೆದು ಬಂದು ಮುಟ್ಟಿದಳು.
‘ಇದನ್ನ ಓದಿದ ಮೇಲೆ ಏನು, ಇನ್ನೂ ಜಾಸ್ತಿ ಹಿಡೀತೀಯಾ,
ಇಲ್ಲಾ ಬಿಡೋದು ಕಲಿಸವ್ರಾ?’
ಮುದ್ದೆ ಮುರಿದು ಬಾಯಿಗಿಟ್ಟೆ.
ಅಗಿಯುವ ಹಾಗಿಲ್ಲ ಅದು,
ಉತ್ತರವೂ ಜೊತೆಗೇ ಒಳಗೆ ಹೋಯಿತು.

ರಾತ್ರಿ ಪಾಳಿ. ಅದೇ ಟ್ಯೂಬ್‌ಲೈಟು.
ಮಾಲು ಸಂಖ್ಯೆ ಅರವತ್ತೆರಡು:
ತಾಮ್ರದ ತಂತಿ, ಎರಡೂವರೆ ಕಿಲೊ, ವಾರಸುದಾರರು ಬಂದಿಲ್ಲ.
ಮಗುವಿನ ಚಪ್ಪಲಿಯ ಚೀಟಿ ಮಾಸಿಹೋಗಿತ್ತು.
ಹೊಸದು ಬರೆದು ಕಟ್ಟಿದೆ.